ಕುಂಡದಿಂದ ಎದ್ದ ನೊಣ

“ಬುದ್ಧಿ, ಕೆಲಸಗಳ್ಳರ ಮೇಲೆ ಸಿಟ್ಟು ಮಾಡುವುದು ತಪ್ಪೇ?” ಎಂದು ಮಡಿವಾಳಯ್ಯ ಕೇಳಿದ.

ಅವನು ಕುಳಿತು ಕೇಳಲಿಲ್ಲ, ನಿಂತೇ ಕೇಳಿದ. ಮಠದ ಕೊಟ್ಟಿಗೆ ಅವನ ವಶದಲ್ಲಿತ್ತು. ಎರಡು ತಿಂಗಳಿಂದ ಒಂಬತ್ತು ಹಸುಗಳೂ ಸೊರಗುತ್ತಿದ್ದವು. ಅವುಗಳ ಹಾಲು ಊರಿನ ಬಾಣಂತಿಯರ ಮನೆಗಳಿಗೆ ಹೋಗುತ್ತಿತ್ತು. ಈಗ ಅರ್ಧ ಮನೆಗಳಿಗೂ ಸಾಲುತ್ತಿರಲಿಲ್ಲ. ಆ ಬೆಳಿಗ್ಗೆ ಅವನು ಕೊಟ್ಟಿಗೆ ಗುಡಿಸುವ ನಿಂಬವ್ವನನ್ನು ಕೆಲಸದಿಂದ ಬಿಡಿಸಿ ಕಳಿಸಿದ್ದ. ಅವಳು ಅಂಗಳದಲ್ಲಿ ನಿಂತು ಏನೋ ಹೇಳಲು ಹೊರಟಿದ್ದಳು. “ಬಾಯಿ ಮುಚ್ಚಿಕೊಂಡು ನಡಿ” ಎಂದಿದ್ದ. ಜಗಲಿಯಲ್ಲಿದ್ದ ಗುರುಗಳು ಅದನ್ನು ಕೇಳಿಸಿಕೊಂಡಿದ್ದರು.

ಗುರುಗಳು ಅವನಿಗೆ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಅವನಿಗೆ ಒಬ್ಬಳು ಅಕ್ಕ. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿ ಸಾಕಿದವಳು ಅವಳೇ. ಆ ಅಕ್ಕನ ಎಲುಬಿನೊಳಗೆ ನೋವು ಹೊಕ್ಕಿತ್ತು. ಅದು ವಾಸಿಯಾಗುವ ರೋಗವಲ್ಲ ಎಂದು ವೈದ್ಯನಿಗೆ ಗೊತ್ತಿತ್ತು. ನೋವನ್ನಷ್ಟೇ ಅವನು ಹಿಡಿದಿಟ್ಟಿದ್ದ. ಭಂಗಿ ಸೊಪ್ಪನ್ನು ಹಾಲಿನಲ್ಲಿ ಬೇಯಿಸಿ, ಆ ಹಾಲಿನಿಂದ ತುಪ್ಪ ತೆಗೆದು, ದಿನಕ್ಕೆ ಎರಡು ಸಲ ಅಕ್ಕನ ನಾಲಿಗೆಗೆ ಹಚ್ಚುತ್ತಿದ್ದ. ಆ ತುಪ್ಪ ಇರುವಷ್ಟು ದಿನ ಅಕ್ಕ ಉಣ್ಣುತ್ತಿದ್ದಳು, ನಗುತ್ತಿದ್ದಳು, ತಮ್ಮನನ್ನು ಗದರಿಸುತ್ತಿದ್ದಳು.

ಆ ನಾಡಿನ ಅರಸ ಭಂಗಿ ಗಿಡವನ್ನು ಬಯಲಲ್ಲಿ ಬೆಳೆಯಬಾರದೆಂದು ಅಪ್ಪಣೆ ಮಾಡಿದ್ದ. ವೈದ್ಯರಾದವರು ಮಾತ್ರ, ಬೀಗ ಹಾಕಿದ ಕೋಣೆಯೊಳಗೆ, ಹನ್ನೆರಡು ಕುಂಡ ಇಟ್ಟುಕೊಳ್ಳಬಹುದಿತ್ತು. ಈ ವೈದ್ಯ ತನ್ನ ಔಷಧಿಯ ಕೋಣೆಯಲ್ಲಿ, ಸೂರಿನ ಬೆಳಕಿಂಡಿಯ ಕೆಳಗೆ ಕುಂಡಗಳನ್ನು ಇಟ್ಟಿದ್ದ. ಆ ಕೋಣೆಯಲ್ಲಿ ಯಾರೂ ಮಾತಾಡಬಾರದು ಎಂಬುದು ಅವನ ಮನೆತನದ ಕಟ್ಟಳೆ. ಉಸಿರು ತಾಗಿದರೆ ಔಷಧಿಯ ಗುಣ ಕೆಡುತ್ತದೆ ಎಂದು ಅವನ ಅಜ್ಜ ಹೇಳಿದ್ದನಂತೆ. ಗಿಡಕ್ಕೆ ನೀರೆರೆಯಲು ಒಬ್ಬ ಹೆಂಗಸಿದ್ದಳು. ಅವಳು ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋಗುತ್ತಿದ್ದಳು, ಬಟ್ಟೆ ಕಟ್ಟಿಕೊಂಡೇ ಹೊರಗೆ ಬರುತ್ತಿದ್ದಳು.

ಆ ವರ್ಷ ಗಿಡಗಳು ಒಂದು ಗೇಣು ಬೆಳೆದು ನಿಂತುಬಿಟ್ಟವು. ಕೆಳಗಿನ ಎಲೆ ಹಳದಿಯಾಯಿತು. ಹೊಸ ಎಲೆ ಮುದುಡಿಕೊಂಡೇ ಬಂತು. ಕುಂಡದ ಮಣ್ಣು ಒದ್ದೆ ಇದ್ದರೂ ಮಧ್ಯಾಹ್ನದ ಹೊತ್ತಿಗೆ ಗಿಡ ಬಾಡಿ ಬಾಗುತ್ತಿತ್ತು. ಇತ್ತ ಭರಣಿಯಲ್ಲಿ ತುಪ್ಪ ಅರ್ಧಕ್ಕಿಂತ ಕೆಳಗೆ ಇಳಿದಿತ್ತು.

ವೈದ್ಯನಿಗೆ ಸಿಟ್ಟು ಬಂತು. ಮೊದಲು ಬೀಜ ಕೊಟ್ಟವನನ್ನು ಬೈದ. ಆಮೇಲೆ ಕುಂಬಾರನನ್ನು ಕರೆಸಿ, ಕುಂಡ ಸರಿಯಾಗಿ ಬೆಂದಿಲ್ಲ ಎಂದು ಅವನನ್ನು ಬೈದ. ಮೋಡ ಮುಚ್ಚಿದ ದಿನ ಬೆಳಕಿಂಡಿಯನ್ನೇ ಬೈದ. ಕೊನೆಗೆ ನೀರೆರೆಯುವವಳ ಮೇಲೆ ಹರಿಹಾಯ್ದ. ಗಿಡ ಬಾಡುತ್ತಿದೆ ಎಂದರೆ ಇವಳು ನೀರು ಕದಿಯುತ್ತಿದ್ದಾಳೆ ಎಂದು ತೀರ್ಮಾನಿಸಿ, ದಿನಕ್ಕೆ ಮೂರು ಸಲ ನೀರು ಹಾಕಬೇಕೆಂದು ಕಟ್ಟು ಮಾಡಿದ. ತಿಪ್ಪೆಯಿಂದ ಇನ್ನೂ ಕಳಿಯದ ಗೊಬ್ಬರ ತಂದು ತನ್ನ ಕೈಯಾರೆ ಹನ್ನೆರಡು ಕುಂಡಗಳಿಗೂ ಸುರಿದ. ಗಿಡಗಳು ಇನ್ನಷ್ಟು ಸೊರಗಿದವು.

ಒಂದು ದಿನ ಅವಳು ಕೋಣೆಯೊಳಗೇ ಬಾಯಿಯ ಬಟ್ಟೆ ಇಳಿಸಿದಳು. “ಅಯ್ಯಾ, ನೀರು ಬಿದ್ದ ಕೂಡಲೇ…” ಎಂದಳು.

“ಬಟ್ಟೆ ಏರಿಸು!” ಎಂದು ವೈದ್ಯ ಅಬ್ಬರಿಸಿದ. ಮಾತಾಡಬಾರದ ಆ ಕೋಣೆಯಲ್ಲಿ ಅವನ ದನಿ ಗೋಡೆಗೆ ಬಡಿದು ತಿರುಗಿ ಬಂತು.

ಮೂರು ದಿನ ಬಿಟ್ಟು ಅವಳು ಹೊರಗೆ, ರೋಗಿಗಳು ಕುಳಿತಿದ್ದ ಪಡಸಾಲೆಗೆ ಬಂದಳು. “ಪಂಡಿತರೇ, ಆ ಕುಂಡದ ಮಣ್ಣಿನಲ್ಲಿ…”

“ಓಹೋ! ಇನ್ನು ಮೇಲೆ ನಾಡಿ ಹಿಡಿಯುವುದೂ ನೀನೇ ತಾನೇ? ಬಾರಮ್ಮ, ಈ ಗಾದಿಯ ಮೇಲೆ ಕೂತುಕೋ. ಕೊಡ ಇತ್ತ ಕೊಡು, ನಾನು ನೀರು ಹೊರುತ್ತೇನೆ.”

ರೋಗಿಗಳೆಲ್ಲ ನಕ್ಕರು. ನಗಲಾರದಷ್ಟು ಜ್ವರ ಇದ್ದವನೂ ವೈದ್ಯನ ಮುಖ ನೋಡಿ ನಕ್ಕ.

ಮೂರನೆಯ ಸಲ ಅವಳು ಮಾತಾಡಲೇ ಇಲ್ಲ. ಕುಂಡದಿಂದ ಒಂದು ಹಿಡಿ ಮಣ್ಣು ತಂದು ಅವನ ಗಾದಿಯ ಪಕ್ಕದಲ್ಲಿ ಇಟ್ಟಳು. ವೈದ್ಯ ಆ ಮಣ್ಣನ್ನು ನೋಡಲಿಲ್ಲ, ಗಾದಿಯನ್ನು ನೋಡಿದ. ಮಣ್ಣನ್ನು ಕಾಲಿನಿಂದ ಅಂಗಳಕ್ಕೆ ತಳ್ಳಿ, ಅವಳನ್ನೂ ಅದರ ಹಿಂದೆಯೇ ಕಳಿಸಿದ.

“ಸರಿಯಾಗಿ ಮಾಡಿದ,” ಎಂದ ಮಡಿವಾಳಯ್ಯ. “ಸದರ ಕೊಟ್ಟರೆ ಇವರೆಲ್ಲ ತಲೆಯ ಮೇಲೇ ಕೂರುತ್ತಾರೆ, ಬುದ್ಧಿ.”

“ನೀನು ಕೂತುಕೋ,” ಎಂದರು ಗುರುಗಳು.

ಅವನು ಕೂತ. ಅವರು ಮುಂದುವರಿಸಿದರು.

ಈಗ ವೈದ್ಯನೇ ನೀರೆರೆಯಬೇಕಾಯಿತು. ಎರಡು ದಿನ ಬಾಯಿಗೆ ಬಟ್ಟೆ ಕಟ್ಟಿಕೊಂಡು, ಮಣ್ಣಿನತ್ತ ನೋಡದೆ ನೀರು ಸುರಿದು ಬಂದ. ಮೂರನೆಯ ದಿನ, ಬಟ್ಟೆಯನ್ನೂ ಕಟ್ಟದೆ, ಹೋದವಳನ್ನು ಬೈಯುತ್ತಲೇ ಕೋಣೆಗೆ ಹೋದ. ಕುಂಡಕ್ಕೆ ನೀರು ಬಿದ್ದದ್ದೇ ತಡ, ಸಾಸಿವೆಯಷ್ಟು ಸಣ್ಣ ಕರಿ ನೊಣಗಳು ಗುಂಪಾಗಿ ಎದ್ದವು. ಬೈಯುತ್ತಿದ್ದ ಬಾಯಿ ತೆರೆದೇ ಇತ್ತು. ಅವನು ಕೆಮ್ಮುತ್ತ, ಉಗುಳುತ್ತ ಹೊರಗೆ ಓಡಿ ಬಂದ.

ಮಂಚದ ಮೇಲಿದ್ದ ಅಕ್ಕನಿಗೆ ನಗು ತಡೆಯಲಾಗಲಿಲ್ಲ. “ಏನು ತಮ್ಮಾ, ಅಜ್ಜನ ಕೋಣೆಯಲ್ಲಿ ಬಾಯಿ ಬಿಟ್ಟೆಯಾ?”

“ನೊಣ, ಅಕ್ಕಾ. ದರಿದ್ರದ ನೊಣ. ನೀರು ಹಾಕಿದರೆ ಸಾಕು, ಏಳುತ್ತವೆ.”

“ಎಲೆಯಿಂದಲೋ, ಮಣ್ಣಿನಿಂದಲೋ?”

“ಮಣ್ಣಿನಿಂದ.”

ಅಕ್ಕನ ನಗು ನಿಂತಿತು. “ಹಾಗಾದರೆ ಅವುಗಳ ಮರಿ ಬೇರಿನಲ್ಲಿವೆ. ದಿನಾ ನೀರೆರೆಯುತ್ತಿದ್ದವಳು ನಿನಗೆ ಹೇಳಲಿಲ್ಲವೇ?”

ವೈದ್ಯ ಒಂದು ಕುಂಡವನ್ನು ತಂದು ಅಂಗಳದಲ್ಲಿ ಕವುಚಿದ. ಬೆಳ್ಳಗೆ, ಪೊದೆಯಾಗಿ ಇರಬೇಕಾದ ಬೇರು ಕೊಳೆತ ನೂಲಿನಂತೆ ಕಂದು ಬಣ್ಣಕ್ಕೆ ತಿರುಗಿ ಕೈಗೆ ಬಂತು. ಒದ್ದೆ ಮಣ್ಣಿನ ತುಂಬ ಕರಿ ತಲೆಯ, ಗಾಜಿನಂಥ ಬಿಳಿ ಹುಳುಗಳು ಹರಿದಾಡುತ್ತಿದ್ದವು. ಅವನು ಹಾಕಿಸಿದ ಮೂರು ಹೊತ್ತಿನ ನೀರು, ಅವನು ಸುರಿದ ಹಸಿ ಗೊಬ್ಬರ, ಎಲ್ಲ ಅವುಗಳನ್ನು ಸಾಕಿದ್ದವು. ನೀರು ಕುಡಿಯಲು ಗಿಡಕ್ಕೆ ಬೇರುಗಳೇ ಉಳಿದಿರಲಿಲ್ಲ.

ಅವನು ಅವಳ ಮನೆಗೆ ಹೋದ. ಅವಳು ಹೊಸ್ತಿಲಲ್ಲಿ ಕುಳಿತು ನವಣೆ ಕೇರುತ್ತಿದ್ದಳು. ಮೇಲೇಳಲಿಲ್ಲ.

“ಬನ್ನಿ ಪಂಡಿತರೇ. ಈಗ ಬಟ್ಟೆ ಕಟ್ಟಿಕೊಂಡು ಮಾತಾಡಲೋ, ಬಿಚ್ಚಿ ಮಾತಾಡಲೋ?”

ವೈದ್ಯ ತಲೆ ತಗ್ಗಿಸಿ ನಿಂತ.

“ನಗಲಿಕ್ಕೆ ರೋಗಿಗಳನ್ನು ಕರೆತರಲಿಲ್ಲವೇ? ಹನ್ನೊಂದು ದಿನ ಆಯಿತು ನಾನು ಮೊದಲ ಸಲ ಬಾಯಿ ತೆರೆದು. ಹನ್ನೊಂದು ದಿನ! ಅಂದೇ ಒಂದು ಕುಂಡ ಕವುಚಿದ್ದರೆ ಹನ್ನೆರಡೂ ಉಳಿಯುತ್ತಿದ್ದವು.” ಅವಳು ಮೊರವನ್ನು ನೆಲಕ್ಕೆ ಕುಕ್ಕಿದಳು. “ನಿಮಗಾಗಿ ನಾನು ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಅಕ್ಕಯ್ಯನಿಗಾಗಿ ಬರುತ್ತೇನೆ.”

ಬಂದಳು. ಹನ್ನೆರಡು ಕುಂಡಗಳ ಮಣ್ಣನ್ನೂ ದೂರ ಒಯ್ದು ಸುರಿಸಿದಳು. ಬೇರುಗಳನ್ನು ತೊಳೆದು, ಕೊಳೆತದ್ದನ್ನೆಲ್ಲ ಕತ್ತರಿಸಿದಳು. ಬಿಸಿಲಲ್ಲಿ ಕಾದ ಹೊಸ ಮಣ್ಣಿಗೆ ಬೇವಿನ ಹಿಂಡಿ ಬೆರೆಸಿ ಗಿಡ ನೆಟ್ಟು, ನೊಣ ಮತ್ತೆ ಮೊಟ್ಟೆ ಇಡದಂತೆ ಮೇಲೆ ಎರಡು ಬೆರಳು ಒಣ ಮರಳು ಹರಡಿದಳು. ಬೆರಳು ಚುಚ್ಚಿ ನೋಡಿ, ಒಳಗೆ ಒಣಗಿದ್ದರೆ ಮಾತ್ರ ನೀರು ಎಂದಳು. ಇದನ್ನೆಲ್ಲ ಆ ಕೋಣೆಯೊಳಗೆ ನಿಂತು, ಬಾಯಿಗೆ ಬಟ್ಟೆ ಇಲ್ಲದೆ, ಗಟ್ಟಿಯಾಗಿ ಹೇಳಿದಳು.

ಏಳು ಗಿಡ ಸತ್ತವು. ಐದು ಉಳಿದವು. ನಿಧಾನವಾಗಿ ಹೊಸ ಬೇರು ಬಿಟ್ಟವು, ಹೊಸ ಎಲೆ ಬಿಟ್ಟವು. ಆ ಎಲೆ ಕೊಯ್ದು ವೈದ್ಯ ಮತ್ತೆ ತುಪ್ಪ ಕಾಸಿದ.

ಆದರೆ ಹೊಸ ತುಪ್ಪ ಆಗುವ ಮೊದಲೇ ಭರಣಿ ಬರಿದಾಗಿತ್ತು. ನಡುವೆ ಹನ್ನೊಂದು ದಿನ. ಆ ಹನ್ನೊಂದು ದಿನ ಅಕ್ಕ ಉಣ್ಣಲಿಲ್ಲ, ನಗಲಿಲ್ಲ. ಮಂಚದ ಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಳು. ಕಚ್ಚಿ ಹಿಡಿಯಲಾಗದಾಗ ಕೂಗಿದಳು. ಆ ಕೂಗು ಬೀದಿಯ ಕೊನೆಯ ಮನೆಗೂ ಕೇಳುತ್ತಿತ್ತು. ವೈದ್ಯ ಅಕ್ಕನ ಕಾಲ ಬಳಿ ಕುಳಿತು ಪ್ರತಿಯೊಂದು ಕೂಗನ್ನೂ ಕೇಳಿದ. ಅವಳ ಬಾಯಿ ಮುಚ್ಚಿಸಲು ಅವನ ಬಳಿ ಯಾವ ಮಾತೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಕೊಟ್ಟಿಗೆಯಲ್ಲಿ ಒಂದು ಹಸು ಒದರಿತು. ಮಡಿವಾಳಯ್ಯ ಅತ್ತ ತಿರುಗಿ ನೋಡಿದ.

“ಆ ವೈದ್ಯ ಮೂರ್ಖ, ಬುದ್ಧಿ,” ಎಂದ. ಅವನ ದನಿಯಲ್ಲಿ ಇನ್ನೂ ಸಿಟ್ಟಿತ್ತು. ಆದರೆ ಅದು ಯಾರ ಮೇಲೆ ಎಂದು ಅವನಿಗೇ ತಿಳಿಯುತ್ತಿರಲಿಲ್ಲ.

ಗುರುಗಳು ಕೇಳಿದರು: “ಬೆಳಿಗ್ಗೆ ನಿಂಬವ್ವ ನಿನಗೆ ಏನು ಹೇಳಲು ಬಂದಿದ್ದಳು?”