ಬಣ್ಣ ಬಳಿಸಿಕೊಂಡ ಮಿಲ್ಲಿಂಗ್ ಯಂತ್ರ

ಗುಜರಿಯಿಂದ ತಂದ, ಲೋಹ ಕೊರೆಯುವ ಹಳೆಯ ಮಿಲ್ಲಿಂಗ್ ಯಂತ್ರವನ್ನು ವರ್ಕ್‌ಶಾಪಿನ ಮೌನೇಶಾಚಾರ್ಯರು ಸೀಮೆಎಣ್ಣೆಯಲ್ಲಿ ತೊಳೆದು ಹಸಿರು ಬಣ್ಣ ಬಳಿದರು. ಆ ಭರದಲ್ಲಿ ಎಣ್ಣೆ ಬಿಡುವ ತೂತೂ ಮುಚ್ಚಿಹೋಯಿತು.

ಬೆಳಿಗ್ಗೆ ಎಣ್ಣೆಕ್ಯಾನು ಅದನ್ನು ಕಂಡು ಗಾಬರಿಯಾಯಿತು. “ಅಣ್ಣಾ, ತೂತಿನ ಮೇಲಿನ ಬಣ್ಣ ಕೆರೆಸಿಕೋ. ಎಣ್ಣೆಯಿಲ್ಲದೆ ಒಳಗಿನ ತಿರುಪು ಕಚ್ಚಿಕೊಳ್ಳುತ್ತದೆ.”

“ದೂರ ನಿಲ್ಲು! ನಿನ್ನ ಜಿಡ್ಡುಮೂತಿ ತಾಗಿದರೆ ಕಲೆಯಾದೀತು,” ಎಂದಿತು ಯಂತ್ರ.

“ಅದಕ್ಕೆ ಹೊಟ್ಟೆಕಿಚ್ಚು, ಒಡೆಯಾ,” ಎಂದಿತು ಬಣ್ಣದ ಡಬ್ಬ.

ಮಧ್ಯಾಹ್ನದ ಹೊತ್ತಿಗೆ ಯಂತ್ರ ಕಿರುಗುಟ್ಟತೊಡಗಿತು. “ಇನ್ನೊಂದು ಕೈ ಬಳಿದರೆ ಸರಿಹೋಗುತ್ತದೆ,” ಎಂದಿತು ಡಬ್ಬ. ಎಣ್ಣೆಕ್ಯಾನು ಬೇಡವೆಂದರೂ ಡಬ್ಬದ ಮಾತೇ ನಡೆದು, ಯಂತ್ರ ಇನ್ನೊಂದು ಕೈ ಬಣ್ಣ ಬಳಿಸಿಕೊಂಡಿತು.

ಮರುದಿನ ಕೆಲಸದ ನಡುವೆ ತಿರುಪು ಬಿಗಿದುಕೊಂಡಿತು. “ತಮ್ಮಾ, ಒಂದು ತೊಟ್ಟು ಎಣ್ಣೆ ಹಾಕೋ!” ಎಂದು ಯಂತ್ರ ಅಂಗಲಾಚಿತು.

ಎಣ್ಣೆಕ್ಯಾನು ಓಡಿಬಂದು ಸುತ್ತೆಲ್ಲ ತಡವಿತು. ಎಲ್ಲೆಲ್ಲೂ ನುಣುಪಾದ ಹಸಿರು. “ತೂತು ಎಲ್ಲಿತ್ತಣ್ಣಾ?”

ಯಂತ್ರಕ್ಕೂ ನೆನಪಾಗಲಿಲ್ಲ. ಅಷ್ಟರಲ್ಲಿ ತಿರುಪು ಫಟ್ಟೆಂದು ಮುರಿಯಿತು.

ಸಂಜೆ ಗುಜರಿಯವನ ಗಾಡಿ ಬಂತು. ಅವನು ಬಣ್ಣ ನೋಡಲಿಲ್ಲ, ತೂಕ ನೋಡಿದ. ಎಣ್ಣೆಕ್ಯಾನು ತಲೆ ತಗ್ಗಿಸಿ ನಿಂತಿತು. ಯಂತ್ರವನ್ನು ಹೇರಿಕೊಂಡು ಗಾಡಿ ಹೊರಟಾಗ ಡಬ್ಬ ಕೂಗಿ ಹೇಳಿತು: “ಹೋಗುವಾಗಲೂ ಎಷ್ಟು ಚೆಂದ ಕಾಣುತ್ತೀರಿ, ಒಡೆಯಾ!”