ಪರವಾಗಿ

ಹೊಳೆದಂಡೆಯ ಮರಳೇ ನಮಗೆಲ್ಲ ಸ್ಲೇಟು. ಆಶ್ರಮದಲ್ಲಿ ಶಾಲೆ ನಡೆಸುತ್ತಿದ್ದ ಅಯ್ನೋರು ಬೆರಳಲ್ಲಿ 'ಅ' ಬರೆಯೋರು, ನಾವು ಅದರ ಮೇಲೇ ತಿದ್ದೋರು. ಎಂಥ ಬೆಳಗುಗಳಪ್ಪಾ ಅವು!

ನಮ್ಮ ಜೊತೆ ತಿದ್ದಿದ ನಾಗಲಿಂಗ ಮುಂದೆ ರಾಜಧಾನಿಯಲ್ಲಿ ಸಚಿವರ ಕೈಕೆಳಗೆ ಅಧಿಕಾರಿಯಾದ. ಊರೆಲ್ಲ ಬೀಗಿತು.

ಒಂದು ದಿನ ಆಶ್ರಮಕ್ಕೆ ಸರ್ಕಾರಿ ಕಾಗದ ಬಂತು. ಮಕ್ಕಳ ಸಂಖ್ಯೆ ಸಾಲದು, ಶಾಲೆಯನ್ನು ಮುಚ್ಚತಕ್ಕದ್ದು. ಕೊನೆಯಲ್ಲಿ 'ಸಚಿವರ ಪರವಾಗಿ' ಎಂದು ಬರೆದು, ಕೆಳಗೆ ರುಜು. ನಾಗಲಿಂಗನದೇ ರುಜು.

ಆಗ ಅಲ್ಲಿ ಕಲಿಯುತ್ತಿದ್ದವರು ಅಂಬಿಗರ ಮಕ್ಕಳು. ಅವರಿಗೆ ಹತ್ತಿರದಲ್ಲಿ ಬೇರೆ ಶಾಲೆಯೇ ಇರಲಿಲ್ಲ.

ನಾಗಲಿಂಗ ತಡೆಯಲಾರದೆ ಊರಿಗೆ ಓಡಿಬಂದ. ಅಯ್ನೋರು ಹೊಳೆದಂಡೆಯಲ್ಲಿ ಕೂತಿದ್ದರು. ಕಾಲಿಗೆ ಬಿದ್ದ.

"ಊಟ ಆಯ್ತೇನಪ್ಪಾ?" ಎಂದರು ಅಯ್ನೋರು.

"ಅಯ್ನೋರೇ, ಆ ಕಾಗದ ನಂದಲ್ಲ. ಸಚಿವರು ಹೇಳಿದ್ರು, ಗುಮಾಸ್ತ ಬರೆದ. ನಾನು ಬರೀ ರುಜು ಹಾಕ್ದೆ."

"ಓದಿದ್ಯಾ?"

"ಓದಿದ್ದೆ."

"ಬೇಡ ಅಂದ್ಯಾ?"

ನಾಗಲಿಂಗ ಹೊಳೆಯ ಕಡೆ ತಿರುಗಿದ. "ಅಂದಿದ್ರೆ ಕೇಳೋರಾ ಅವ್ರು? ಕೈ ಒಂದು ನಂದು, ಅಷ್ಟೇ."

ಅಯ್ನೋರಿಗೆ ನಗು ಬಂತು.

"ಮೊದಲ್ನೇ ದಿನ ನೆನಪಿದ್ಯೇನೋ? ನಿನ್ ಬೆರಳು ಹಿಡಿದು ನಾನೇ 'ಅ' ಬರೆಸ್ದೆ. ನೀನು ಮಾಡಿದ್ದು ಅಳೋ ಕೆಲಸ ಒಂದೇ. ಆಮೇಲೆ ಅವ್ವನ ಹತ್ರ ಓಡಿಹೋಗಿ ಏನಂದೆ?"

ನಾಗಲಿಂಗನ ಕಣ್ಣು ತುಂಬಿತು. "'ನಾನೇ ಬರ್ದೆ' ಅಂದೆ."

"ಊರಿಗೆಲ್ಲ ಕೇಳೋ ಹಂಗೆ ಕೂಗ್ದೆ. 'ಅಯ್ನೋರ ಪರವಾಗಿ ಬರ್ದೆ' ಅನ್ಲಿಲ್ಲ."

ನಾಗಲಿಂಗ ಚಿಕ್ಕ ಹುಡುಗನ ಹಾಗೆ ರೇಗಿದ. "ಹಾಗಾದ್ರೆ ಸಚಿವರ ತಪ್ಪೇ ಇಲ್ವಾ, ಅಯ್ನೋರೇ?"

ಅಯ್ನೋರು ಮಡಿಲಿನಿಂದ ಆ ಕಾಗದ ತೆಗೆದು ಅವನ ಮುಂದೆ ಮರಳ ಮೇಲೆ ಹರಡಿದರು. ಹಾರದಿರಲಿ ಅಂತ ಒಂದು ಕಲ್ಲು ಇಟ್ಟರು.

"ಇಲ್ದೆ ಏನು? ಅದನ್ನ ಅವರ ಅಯ್ನೋರು ಕೇಳ್ಕೋತಾರೆ. ನಾನು ಹಿಡಿದಿದ್ದು ಈ ಕೈ. ಕೂತ್ಕೋ, ತಿದ್ದು."