ಹತ್ತು ಎಣಿಸುವ ತನಕ

ನುಗ್ಗೆಮರದ ಕೊಂಬೆಯ ಮೇಲೆ ಓತಿಕ್ಯಾತವೊಂದು ದಿನವಿಡೀ ದಂಡ ಹೊಡೆದು ರಟ್ಟೆ ಬೆಳೆಸಿಕೊಂಡಿತ್ತು. ಒಂದು ಬೆಳಿಗ್ಗೆ, ಗೇಣು ಹಾಕುತ್ತಾ ಬಂದ ಪುಟ್ಟ ಹುಳುವಿಗೆ ಅದು ಅಡ್ಡ ನಿಂತಿತು.

"ತಿಂಡಿಯೇ ನಡೆದು ಬಂತಲ್ಲ! ಈ ರಟ್ಟೆ ನೋಡಿದೆಯಾ?"

"ನೋಡಿದೆ, ಪೈಲ್ವಾನರೇ. ನಡುವೂ ಅಷ್ಟೇ ಗಟ್ಟಿಯೋ?" ಎಂದಿತು ಹುಳು. "ನಾನು ಹಿಂಗಾಲಲ್ಲಷ್ಟೇ ಕೊಂಬೆ ಹಿಡಿದು, ಮೈಯನ್ನು ಕಡ್ಡಿಯ ಹಾಗೆ ಗಾಳಿಗೆ ಚಾಚಿ ನಿಲ್ಲುತ್ತೇನೆ. ದಿನಾ ಅದೇ ನನ್ನ ಸಾಮು. ನಾನು ಹತ್ತು ಎಣಿಸುವ ತನಕ ತಾವು ಹಾಗೆ ನಿಂತರೆ, ನಾನೇ ಬಂದು ತಮ್ಮ ಬಾಯಿಗೆ ಬೀಳುತ್ತೇನೆ."

"ಹತ್ತೇ? ನೂರು ಎಣಿಸು!" ಎಂದು ಓತಿಕ್ಯಾತ ಮುಂಗಾಲು ಬಿಟ್ಟು ಮೈ ಚಾಚಿತು.

ಎರಡಕ್ಕೆ ಹೊಟ್ಟೆ ನಡುಗಿತು. ಮೂರಕ್ಕೆ ಸೊಂಟ ಬಾಗಿತು. ನಾಲ್ಕು ಎನ್ನುವಷ್ಟರಲ್ಲಿ ಪೈಲ್ವಾನರು ಕೆಳಗಿದ್ದ ಎಮ್ಮೆಯ ಕಲಗಚ್ಚಿನ ಬಾನಿಯಲ್ಲಿದ್ದರು.

ಮೈಗೆಲ್ಲ ಅನ್ನದಗುಳು ಮೆತ್ತಿಕೊಂಡು ಅದು ಮತ್ತೆ ಮರ ಹತ್ತಿ, "ಎಲ್ಲಿ ಆ ಹುಳು?" ಎಂದು ಅಬ್ಬರಿಸಿತು. ಕೊಂಬೆಯ ತುಂಬ ಬರೀ ಕಡ್ಡಿಗಳು, ಒಂದೂ ಅಲುಗಲಿಲ್ಲ. ಸಿಟ್ಟು ತೀರಿಸಿಕೊಳ್ಳಲು ಓತಿಕ್ಯಾತ ಮತ್ತೆ ದಂಡ ಹೊಡೆಯತೊಡಗಿತು. ಅದರ ಮೂಗಿನ ಮುಂದೆಯೇ ಒಂದು ಕಡ್ಡಿ ಮನಸ್ಸಿನಲ್ಲೇ ಎಣಿಸುತ್ತಿತ್ತು: ಎಪ್ಪತ್ತೊಂದು, ಎಪ್ಪತ್ತೆರಡು...